ಬೀಗರಿಗೆ ಊರು ತೋರಿಸಿದ ಕತೆ

ಈ ವರ್ಷದ ಮೇ ತಿಂಗಳಿನಲ್ಲಿ ನಮ್ಮ ಮನೆಗೆ ಪುಣೆಯಿಂದ ಬೀಗರು ಬಂದಿದ್ದರು. ನಮ್ಮ ಕಡೆ ಬೀಗರು ಎಂದರೆ ಹೆಣ್ಣು ಕೊಟ್ಟು ತಂದವರು ಮಾತ್ರವಲ್ಲ, ಮನೆಗೆ ಬಂದ ನೆಂಟರೆಲ್ಲರೂ ಬೀಗರೇ. ಬಂದವರು ನನ್ನ ಸೋದರತ್ತೆಯ ಮೊಮ್ಮಗಳು ಮತ್ತು ಆಕೆಯ ಹದಿಮೂರು ವರ್ಷದ ಮಗ. ಹುಡುಗ ಚಹಾ ಕುಡಿದು ಲೋಟ ಕೆಳಗಿಡುವ ಮೊದಲೇ ಕೇಳಿದ: "ಹುಬ್ಬಳ್ಳಿ ಅಜ್ಜಾ, ನಿಮ್ಮ ಊರಾಗ ನೋಡಾಕ ಏನೈತಿ?"

ಈ ಪ್ರಶ್ನೆಗೆ ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಉತ್ತರ ಕೊಡುತ್ತ ಬಂದಿದ್ದೇವೆ. ಉತ್ತರ ಮಾತ್ರ ಪ್ರತಿ ತಲೆಮಾರಿಗೂ ಬದಲಾಗಿದೆ. ಮೂವತ್ತೈದು ವರ್ಷ ಪ್ರೌಢಶಾಲೆಯಲ್ಲಿ ಇತಿಹಾಸ ಪಾಠ ಮಾಡಿದ ನಾನು ಒಮ್ಮೆ ಇದಕ್ಕೆ ಬಹಳ ತಪ್ಪು ಉತ್ತರವನ್ನೂ ಕೊಟ್ಟಿದ್ದೇನೆ. ಅದನ್ನೇ ಇಂದು ಬರೆಯಬೇಕೆಂದು ಕುಳಿತಿದ್ದೇನೆ. ಆದರೆ ಮೊದಲಿನಿಂದ ಹೇಳದಿದ್ದರೆ ಓದುಗರಿಗೆ ಅರ್ಥವಾಗಲಾರದು.

ನಮ್ಮ ಅಪ್ಪನ ಅಕ್ಕನನ್ನು ಸೊಲ್ಲಾಪುರಕ್ಕೆ ಕೊಟ್ಟಿತ್ತು. ಮಾವನವರು ಅಲ್ಲಿಯ ಬಟ್ಟೆ ಗಿರಣಿಯೊಂದರಲ್ಲಿ ಕೆಲಸದಲ್ಲಿದ್ದರು. ಪ್ರತಿ ವರ್ಷ ಮೇ ತಿಂಗಳಿನಲ್ಲಿ ಅತ್ತಿ ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬರುತ್ತಿದ್ದಳು. ಹೊಟಗಿ, ವಿಜಾಪುರ, ಬಾಗಲಕೋಟೆ, ಬಾದಾಮಿ, ಗದಗ ದಾಟಿ ಬರುವ ಆ ಮೀಟರ್‌ಗೇಜ್ ಗಾಡಿ ಎಷ್ಟು ಹೊತ್ತಿಗೆ ಮುಟ್ಟುತ್ತದೆಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅಪ್ಪ ಟಾಂಗಾ ಮಾಡಿಕೊಂಡು ಸ್ಟೇಶನ್ನಿಗೆ ಹೋಗುತ್ತಿದ್ದರು. ನಾವು ಮಕ್ಕಳು ದೇಶಪಾಂಡೆ ನಗರದಿಂದ ನಡೆದೇ ಹೋಗುತ್ತಿದ್ದೆವು, ಅಷ್ಟು ಹತ್ತಿರ. ಅತ್ತಿಯ ಟ್ರಂಕಿನಲ್ಲಿ ಸೊಲ್ಲಾಪುರದ ಚಾದರ, ಕುಟ್ಟಿದ ಶೇಂಗಾ ಚಟ್ನಿ, ಮೈಮೇಲೆ ಕಲ್ಲಿದ್ದಿಲ ಹೊಗೆಯ ವಾಸನೆ. ಇದು 1968-70ರ ಸುಮಾರಿನ ನೆನಪು.

ಮೊದಲನೆಯ ದಿನ ಎಲ್ಲಿಗೂ ಹೋಗುವಂತಿರಲಿಲ್ಲ. ಅಂದು ಅತ್ತಿ ಮತ್ತು ಅವ್ವ ಇಬ್ಬರೂ ಕೂತು ಒಂದು ವರ್ಷದ ಸುದ್ದಿ ಮುಗಿಸಬೇಕು. ಎರಡನೆಯ ದಿನದಿಂದ "ಊರು ತೋರಿಸುವ" ಕೆಲಸ ಶುರು. ಈ ಉತ್ಸಾಹಕ್ಕೆ ನೆಂಟರ ಮೇಲಿನ ಪ್ರೀತಿಯೊಂದೇ ಕಾರಣವಾಗಿರಲಿಲ್ಲ ಎಂಬುದನ್ನು ಈಗ ಒಪ್ಪಿಕೊಳ್ಳಬಹುದು. ಹುಬ್ಬಳ್ಳಿಯ ನಲ್ಲಿ ನೀರಿನ ಕತೆ ಹುಬ್ಬಳ್ಳಿಯವರಿಗೆ ಗೊತ್ತು. ಬೇಸಿಗೆಯಲ್ಲಿ ಮನೆಯಲ್ಲಿ ಹನ್ನೊಂದು ಜನ ಕೂಡಿದರೆ ಹಂಡೆಯ ನೀರು ಮಧ್ಯಾಹ್ನಕ್ಕೇ ತಳ ಕಾಣುತ್ತಿತ್ತು. ಮಕ್ಕಳನ್ನು ದಿನವಿಡೀ ಹೊರಗೆ ಕರೆದೊಯ್ದರೆ ಅವ್ವನಿಗೆ ಒಂದು ಕೊಡ ನೀರು ಉಳಿಯುತ್ತಿತ್ತು.

ಹೋಗುವ ಜಾಗಗಳಿಗೊಂದು ಕ್ರಮವಿತ್ತು. ಮೊದಲು ಸಿದ್ಧಾರೂಢ ಮಠ. ಅದಕ್ಕೆ ಹೋಗದೆ ಬೇರೆಡೆಗೆ ಹೋಗುವುದು ಅಪ್ಪನಿಗೆ ಸರಿಬರುತ್ತಿರಲಿಲ್ಲ. 1929ರಲ್ಲಿ ಸಮಾಧಿಸ್ಥರಾದ ಸಿದ್ಧಾರೂಢರನ್ನು ನಮ್ಮಜ್ಜ ಕಣ್ಣಾರೆ ಕಂಡವರು. ಅವರು ಹೇಳಿದ್ದನ್ನು ಅಪ್ಪ, ಅಪ್ಪ ಹೇಳಿದ್ದನ್ನು ಅತ್ತಿ, ಪ್ರತಿ ವರ್ಷ ಅದೇ ಕಟ್ಟೆಯ ಮೇಲೆ ಕುಳಿತು ಮಕ್ಕಳಿಗೆ ಹೇಳುತ್ತಿದ್ದರು. ಜಾತಿ ಕೇಳದೆ ಎಲ್ಲರನ್ನೂ ಕೂಡಿಸುವ ಅಲ್ಲಿಯ ಪ್ರಸಾದದ ಪಂಕ್ತಿಯಲ್ಲಿ ಉಂಡು, ಕೆರೆಯ ಮೆಟ್ಟಿಲ ಮೇಲೆ ಕಾಲು ಇಳಿಬಿಟ್ಟು ಕೂತು, ಬಿಸಿಲಿಳಿದ ಮೇಲೆ ಮನೆಗೆ.

ಎರಡನೆಯದು ಉಣಕಲ್ ಕೆರೆ. ಇದು ಬುತ್ತಿಯ ದಿನ. ಜೋಳದ ಕಟಕ ರೊಟ್ಟಿ, ಎಣಗಾಯಿ ಪಲ್ಯ, ಅತ್ತಿ ತಂದ ಶೇಂಗಾ ಚಟ್ನಿ, ಮೊಸರನ್ನ ಎಲ್ಲವನ್ನೂ ಧೋತರದ ತುಂಡಿನಲ್ಲಿ ಗಂಟು ಕಟ್ಟಿಕೊಂಡು ಧಾರವಾಡ ರಸ್ತೆಯ ಬಸ್ಸು ಹಿಡಿಯುತ್ತಿದ್ದೆವು. ಇನ್ನೂರು ಎಕರೆಯ ಹತ್ತಿರದ ಆ ಕೆರೆಯ ಏರಿಯ ಮೇಲೆ ನಿಂತರೆ ಮೇ ತಿಂಗಳಲ್ಲೂ ಸಂಜೆಯ ಗಾಳಿ ತಂಪಾಗಿ ಬೀಸುತ್ತದೆ. ಆದರೆ ಅತ್ತಿಯನ್ನು ಮೆಚ್ಚಿಸುವುದು ಸುಲಭವಾಗಿರಲಿಲ್ಲ. "ನಮ್ಮ ಸಿದ್ಧೇಶ್ವರ ಕೆರಿ ನೋಡೀರೇನು? ನೀರಿನ ನಟ್ಟನಡುವ ಗುಡಿ ಐತಿ" ಎನ್ನುವಳು. ಸೊನ್ನಲಿಗೆಯ ಸಿದ್ಧರಾಮ 12ನೆಯ ಶತಮಾನದಲ್ಲಿ ಕಟ್ಟಿಸಿದ ಕೆರೆಯ ಮುಂದೆ ನಮ್ಮ ಕೆರೆಯನ್ನು ನಿಲ್ಲಿಸಿ ಗೆಲ್ಲುವುದು ಹೇಗೆ? ನಾವು ಸುಮ್ಮನಾಗುತ್ತಿದ್ದೆವು. ಗೆಲ್ಲಲು ಬೇಕಾದ ಉತ್ತರ ಆ ಏರಿಯಿಂದ ನಡೆದು ಹೋಗುವಷ್ಟು ದೂರದಲ್ಲೇ ಇತ್ತೆಂಬುದು ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ. ಅದರ ಮಾತು ಮುಂದೆ ಬರುತ್ತದೆ.

ಬುತ್ತಿ ಎಂದೆನಲ್ಲ, ಅದಕ್ಕೊಂದು ಮಾತು ಸೇರಿಸಬೇಕು. ಈಗ ಪಿಕ್‌ನಿಕ್ ಎಂಬ ಶಬ್ದ ಕೇಳಿದಾಗ ಅದು ಹೊರಗಿನಿಂದ ಬಂದ ಹವ್ಯಾಸವೆಂದು ಅನೇಕರು ತಿಳಿಯುತ್ತಾರೆ. ಉತ್ತರ ಕರ್ನಾಟಕದ ಒಕ್ಕಲು ಮನೆಯವರಿಗೆ ಅದು ಹೊಸದೇನಲ್ಲ. ಎಳ್ಳಮಾವಾಸ್ಯೆಯ ದಿನ ಚಕ್ಕಡಿ ಹೂಡಿಕೊಂಡು, ನೆರೆಹೊರೆಯವರನ್ನೂ ಬಂದ ಬೀಗರನ್ನೂ ಕೂಡಿಸಿಕೊಂಡು ಹೊಲಕ್ಕೆ ಹೋಗಿ, ಬೆಳೆಗೆ ಚರಗ ಚೆಲ್ಲಿ, ಬನ್ನಿ ಗಿಡದ ಕೆಳಗೆ ಕೂತು ಸಜ್ಜೆ ರೊಟ್ಟಿ, ಕಡುಬು, ಪುಂಡಿಪಲ್ಯ ಉಣ್ಣುವುದು ನಮ್ಮ ಹಿರಿಯರ ಪ್ರವಾಸವಾಗಿತ್ತು. ಸಂಕ್ರಾಂತಿಗೆ ಹೊಳೆಯ ದಂಡೆ. ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡ. ಹೊಲ ಮಾರಿ ಹುಬ್ಬಳ್ಳಿಗೆ ಬಂದು ನೌಕರಿ ಹಿಡಿದ ನಮ್ಮಂಥ ಮನೆಗಳು ಬುತ್ತಿಯ ಗಂಟನ್ನು ಮಾತ್ರ ಬಿಡದೆ ತಂದವು. ಚರಗ ಚೆಲ್ಲಲು ಹೊಲವಿಲ್ಲದ್ದಕ್ಕೆ ಕೆರೆಯ ಏರಿಗೆ ಹೋದೆವು, ಅಷ್ಟೇ.

ಮೂರನೆಯದು ದುರ್ಗದ ಬೈಲು. ಇಲ್ಲಿ ಬುತ್ತಿಗೆ ರಜೆ. ಗಿರಮಿಟ್ಟು, ಮಿರ್ಚಿ ಭಜಿ, ಮೇಲೆ ಒಂದು ಗ್ಲಾಸು ಕಬ್ಬಿನ ಹಾಲು. ಅತ್ತಿಗೆ ಸೀರೆ ಅಂಗಡಿ, ನಮಗೆ ಭಜಿ. ದುರ್ಗದ ಬೈಲು ಎಂದರೆ ಕೋಟೆಯ ಬಯಲು. ಆದರೆ ದುರ್ಗವೆಲ್ಲಿದೆ ಎಂದು ನಾವೆಂದೂ ಕೇಳಲಿಲ್ಲ. ನಮ್ಮ ಹಳೇ ಹುಬ್ಬಳ್ಳಿ ವಿಜಯನಗರದ ಕಾಲದಿಂದಲೂ ಹತ್ತಿ ಮತ್ತು ಬಟ್ಟೆಯ ಪೇಟೆ. ಇಂಗ್ಲಿಷ್ ಕಂಪನಿಯವರು ಇಲ್ಲಿ ಕೋಠಿ ಇಟ್ಟಿದ್ದರು. 1673ರಲ್ಲಿ ಶಿವಾಜಿಯ ಸೈನ್ಯ ಬಂದು ಪೇಟೆಯನ್ನು ಲೂಟಿ ಮಾಡಿದಾಗ ಕಂಪನಿಯ ಮಾಲೂ ಹೋಯಿತು. ಮುಂದೆ ಸವಣೂರು ನವಾಬರ ಆಳ್ವಿಕೆಯಲ್ಲಿ, 1727ರಲ್ಲಿ, ಬಸಪ್ಪ ಶೆಟ್ಟರೆಂಬ ವ್ಯಾಪಾರಿ ಕೋಟೆ ಕಟ್ಟಿಸಿ ಅದರ ಸುತ್ತ ಹೊಸ ಹುಬ್ಬಳ್ಳಿಯನ್ನು ಬೆಳೆಸಿದರು. ಕೋಟೆ ಹೋಯಿತು, ಬಯಲೂ ಅಂಗಡಿಗಳಿಂದ ತುಂಬಿಹೋಯಿತು, ಹೆಸರು ಮಾತ್ರ ಉಳಿಯಿತು. ರಾಜನಲ್ಲದ ವರ್ತಕನೊಬ್ಬ ಕಟ್ಟಿಸಿದ ಕೋಟೆಯ ಮೇಲೆ ಇಂದಿಗೂ ವ್ಯಾಪಾರವೇ ನಡೆದಿದೆಯಲ್ಲ ಎಂದು ನಾನು ತರಗತಿಯಲ್ಲಿ ಹೇಳಿದಾಗ ಮಕ್ಕಳು ನಗುತ್ತಿದ್ದರು. ಆದರೆ ಅದನ್ನು ನಾನು ಹೇಳಲು ಕಲಿತದ್ದು ಬಹಳ ತಡವಾಗಿ.

ನಾಲ್ಕನೆಯ ದಿನ ಧಾರವಾಡ. ಹುಬ್ಬಳ್ಳಿಯವನಿಗೆ ಧಾರವಾಡದ ಬಗ್ಗೆ ಹೊಟ್ಟೆಕಿಚ್ಚು ಇದ್ದೇ ಇದೆ, ಬೀಗರ ಮುಂದೆ ಮಾತ್ರ ಎರಡೂ ನಮ್ಮವೇ. 1962ರಲ್ಲಿ ನಗರಪಾಲಿಕೆಯೂ ಒಂದೇ ಆಯಿತು. ಶನಿವಾರವಾದರೆ ನುಗ್ಗಿಕೇರಿ ಹನುಮಪ್ಪ. ಬಳಿಕ ಸೋಮೇಶ್ವರ ಗುಡಿ, ಅಲ್ಲಿ ಶಾಲ್ಮಲೆಯ ಹುಟ್ಟು. ಅಪ್ಪನಿಗೆ ಓದು ಕಡಿಮೆ, ಆದರೆ ಅಲ್ಲಿ ನಿಂತಾಗ ಒಂದು ಒಳ್ಳೆಯ ಪಾಠ ಹೇಳುತ್ತಿದ್ದರು: ಇಲ್ಲಿಯ ನೀರು ಪಡುವಣಕ್ಕೆ ಹರಿದು ಗಂಗಾವಳಿಯಾಗಿ ಅರಬ್ಬೀ ಸಮುದ್ರ ಸೇರುತ್ತದೆ, ಹುಬ್ಬಳ್ಳಿಯ ಮೂಡಣ ಬದಿಯ ಬೆಣ್ಣೆಹಳ್ಳದ ನೀರು ಮಲಪ್ರಭೆಯನ್ನು ಕೂಡಿ, ಕೃಷ್ಣೆಯನ್ನು ಕೂಡಿ ಬಂಗಾಳದ ಕೊಲ್ಲಿಗೆ ಹೋಗುತ್ತದೆ. ನಮ್ಮ ಎರಡೂರುಗಳ ನಡುವಿನ ಇಪ್ಪತ್ತು ಕಿಲೋಮೀಟರಿನಲ್ಲಿ ಮಳೆಹನಿಗಳು ಎರಡು ಕಡಲಿಗೆ ಹಂಚಿಹೋಗುತ್ತವೆ. ಸಾಧನಕೇರಿಯ ಮುಂದೆ ಬಸ್ಸು ಹೋಗುವಾಗ ಅಪ್ಪ "ಬೇಂದ್ರೆಯವರ ಮನಿ" ಎಂದು ಕೈ ತೋರಿಸುತ್ತಿದ್ದರು. ಬೇಂದ್ರೆಯವರು ಆಗ ಬದುಕಿದ್ದರು. ಇಳಿದು ಹೋಗಿ ನೋಡುವುದುಂಟೆ? ದೊಡ್ಡವರ ಮನೆಯನ್ನು ಬಸ್ಸಿನಿಂದಲೇ ನೋಡಬೇಕು ಎಂಬುದು ನಮ್ಮ ಮನೆಯ ಸಂಪ್ರದಾಯವಾಗಿತ್ತು. ಕೊನೆಗೆ ಲೈನ್ ಬಜಾರಿನಲ್ಲಿ ಪೇಡೆಯ ಸರದಿ. ಉತ್ತರಪ್ರದೇಶದ ಉನ್ನಾವದಿಂದ ವಲಸೆ ಬಂದ ಠಾಕೂರ ಮನೆತನದವರು ಇಲ್ಲಿಯ ಗವಳಿಗರ ಎಮ್ಮೆಯ ಹಾಲಿನಿಂದ ಮಾಡತೊಡಗಿದ್ದು ಧಾರವಾಡ ಪೇಡೆಯಾಯಿತು. ಸೊಲ್ಲಾಪುರಕ್ಕೆ ಎರಡು ಪೆಟ್ಟಿಗೆ ಕಟ್ಟಿಸಿದರೆ ಅತ್ತಿಯ ತವರು ಪ್ರವಾಸ ಮುಗಿದಂತೆ.

ಈ ಪಟ್ಟಿಯಲ್ಲಿ ಇಲ್ಲದ ಒಂದು ಊರನ್ನು ಸೇರಿಸಿದವರು ಅವ್ವನ ತಮ್ಮ, ಪುಣೆಯಲ್ಲಿದ್ದ ಮಾಮಾ. ಗಾನದ ಹುಚ್ಚಿನವರು. ಸವಾಯಿ ಗಂಧರ್ವರ ನೆನಪಿಗಾಗಿ ಭೀಮಸೇನ ಜೋಶಿಯವರು ಪುಣೆಯಲ್ಲಿ 1953ರಿಂದ ನಡೆಸಿಕೊಂಡು ಬಂದ ಸಂಗೀತೋತ್ಸವಕ್ಕೆ ಪ್ರತಿ ಡಿಸೆಂಬರಿನಲ್ಲಿ ಕಂಬಳಿ ಹೊದ್ದು ಹೋಗಿ ಕೂಡುತ್ತಿದ್ದರು. 1978ರಲ್ಲಿ ನಮ್ಮಲ್ಲಿಗೆ ಬಂದವರು ಚೀಲ ಇಳಿಸಿದ ಕೂಡಲೇ, "ಕುಂದಗೋಳಕ್ಕ ಯಾವಾಗ ಹೋಗೂಣು?" ಎಂದರು. ನಮಗೆ ಆಶ್ಚರ್ಯ. ಕುಂದಗೋಳದಲ್ಲಿ ಏನಿದೆ? ಹತ್ತಿ, ಮೆಣಸಿನಕಾಯಿ. ಆದರೂ ಬೆಂಗಳೂರು ದಾರಿಯ ಪ್ಯಾಸೆಂಜರ್ ಗಾಡಿ ಹತ್ತಿ ಹೋದೆವು. ನಾಡಗೀರರ ವಾಡೆಯ ಮುಂದೆ ಮಾಮಾ ಚಪ್ಪಲಿ ಬಿಟ್ಟು, ಕೈ ಮುಗಿದು ನಿಂತುಬಿಟ್ಟರು. ಶಂಭುಲಿಂಗನ ಗುಡಿಯಲ್ಲಿಯೂ ಅವರು ಅಷ್ಟು ಹೊತ್ತು ನಿಲ್ಲಲಿಲ್ಲ.

ರಾಮಭಾವು ಕುಂದಗೋಳಕರ ಎಂಬ ಸವಾಯಿ ಗಂಧರ್ವರು ಅಬ್ದುಲ್ ಕರೀಮ್ ಖಾನರ ಶಿಷ್ಯರು. ಮರಾಠಿ ರಂಗಭೂಮಿಯಲ್ಲಿ ಹೆಸರು ಮಾಡಿ, ಊರಿಗೆ ಮರಳಿ, ಶಿಷ್ಯರನ್ನು ತಯಾರು ಮಾಡಿದವರು. ಗದಗಿನಿಂದ ಗುರುವನ್ನು ಹುಡುಕಿಕೊಂಡು ಓಡಿಹೋಗಿದ್ದ ಹುಡುಗ ಭೀಮಸೇನ ಕೊನೆಗೆ ಸೇರಿದ್ದು ಆ ಊರಿಗೇ, ಅಲ್ಲಿ ಗುರುವಿನ ಮನೆಗೆ ನೀರು ಹೊತ್ತು ಕಲಿತ. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಪಾಠ ಹೇಳಿಸಿಕೊಂಡು ರೈಲಿನಲ್ಲೇ ಮರಳುತ್ತಿದ್ದರು. ನಾವು ಕೂತಿದ್ದ ಆ ಪ್ಯಾಸೆಂಜರ್ ಗಾಡಿಯ ಹಳಿಯ ಮೇಲೆಯೇ! 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯ ಎದುರು ಹಾಡಿದ್ದ ಹುಡುಗಿ, ಬೀದಿಯಲ್ಲಿ ನಡೆದರೆ ಜನ ಇಣುಕಿ ನೋಡಿ ಹಾಡುವವಳೆಂದು ಹಂಗಿಸುತ್ತಿದ್ದುದನ್ನು ತಾವೇ ಮುಂದೆ ಹೇಳಿಕೊಂಡಿದ್ದಾರೆ.

ಮರಳಿ ಬಂದ ಸಂಜೆ ಮಾಮಾ, "ಬಾಯಿಯವರ ಮನಿ ಎಲ್ಲಿ?" ಎಂದರು. ನಾವು ಹಿಂದಿನ ಓಣಿಯನ್ನು ತೋರಿಸಿದೆವು. ಗಂಗೂಬಾಯಿಯವರು ಇದ್ದದ್ದು ನಮ್ಮ ದೇಶಪಾಂಡೆ ನಗರದಲ್ಲೇ. ಶಾಲೆಗೆ ಹೋಗುವಾಗ ಬರುವಾಗ ಆ ಮನೆಯ ಮುಂದೆ ಹಾಯ್ದವರು ನಾವು. ಸವಾಯಿ ಗಂಧರ್ವರ ಹೆಸರಿನ ಸಭಾಭವನವೂ ನಮ್ಮ ಬಡಾವಣೆಯಲ್ಲೇ ಇದೆ. ಅಲ್ಲಿ ಮದುವೆ ಉಂಡಿದ್ದೇವೆ, ನಾಟಕ ನೋಡಿದ್ದೇವೆ, ಆ ಹೆಸರು ಯಾರದೆಂದು ಕೇಳಿರಲಿಲ್ಲ. ಮಾಮಾ ನನ್ನ ಮುಖವನ್ನೊಮ್ಮೆ ನೋಡಿ ಏನೂ ಹೇಳಲಿಲ್ಲ. ಅವರು ಬೈದಿದ್ದರೆ ಚೆನ್ನಾಗಿತ್ತು. 2009ರ ಜುಲೈ 21ರಂದು ಗಂಗೂಬಾಯಿಯವರು ತೀರಿಕೊಂಡಾಗ ಊರಿಗೆ ಊರೇ ನಮ್ಮ ಓಣಿಗಳಲ್ಲಿ ನೆರೆದಿತ್ತು. ‘ಗಂಗಾಲಹರಿ’ ಎಂಬ ಅವರ ಮನೆ ಬಳಿಕ ಸಂಗೀತ ಸಂಗ್ರಹಾಲಯವಾಯಿತು.

ಇನ್ನು ನನ್ನ ತಪ್ಪು ಉತ್ತರದ ಮಾತು.

ಬಿ.ಎಡ್. ಮುಗಿಸಿ ನಾನು ನೌಕರಿಗೆ ಸೇರಿ ಮೂರು ವರ್ಷವಾಗಿತ್ತು. 1987ರ ಮೇ ತಿಂಗಳು. ಅತ್ತಿಗೆ ಅರವತ್ತು ದಾಟಿತ್ತು, ಮೊಣಕಾಲು ನೋವು, ಮಾವನವರು ಇರಲಿಲ್ಲ. ಎಂದಿನಂತೆ ಉಣಕಲ್ ಕೆರೆಗೆ ಹೋಗಿ ಬುತ್ತಿ ಬಿಚ್ಚಿದೆವು. ಊಟವಾದ ಮೇಲೆ ಅತ್ತಿ, "ತಮ್ಮಾ, ಇಲ್ಲೇ ಉಣಕಲ್ಲಾಗ ಒಂದ ಹಳೀ ಈಶ್ವರ ಗುಡಿ ಐತ್ಯಂತಲ್ಲೋ. ನಾಕ ಮುಖದ ಲಿಂಗ ಅಂತ. ಸೊಲ್ಲಾಪುರದಾಗ ನಮ್ಮ ಬಾಜೂಕಿನಾಕಿ ಹೇಳತಿದ್ಲು, ಆಕಿ ತವರು ಇದ ಊರು" ಎಂದಳು.

ನಾನು ಅದನ್ನು ಕೇಳಿದ್ದೆ, ನೋಡಿರಲಿಲ್ಲ. ಬಿಸಿಲು ಇನ್ನೂ ಇಳಿದಿರಲಿಲ್ಲ, ಓಣಿಯೊಳಗೆ ಹುಡುಕಿಕೊಂಡು ಹೋಗಬೇಕು, ಐದೂವರೆಯ ಬಸ್ಸು ತಪ್ಪಿದರೆ ಮುಂದಿನದು ಯಾವಾಗಲೋ. "ಬಿದ್ದ ಗುಡಿ ಅತ್ತಿ, ನೋಡುವಂಥಾದ್ದು ಏನೂ ಇಲ್ಲ" ಎಂದೆ. ಅತ್ತಿಗೆ ನನ್ನ ಮೇಲೆ ಬಹಳ ಭರವಸೆ. ಹಿಸ್ಟರಿ ಮಾಸ್ತರ ಹೇಳಿದ ಮೇಲೆ ಮುಗಿಯಿತು. "ಹಂಗಾರ ಬಿಡು" ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು. ಮುಂದಿನ ವರ್ಷ ಅವಳು ಬರಲಿಲ್ಲ, ಕಾಲು ಬಿಡಲಿಲ್ಲ. 1990ರ ಶ್ರಾವಣದಲ್ಲಿ ಸೊಲ್ಲಾಪುರದಿಂದ ತಂತಿ ಬಂತು.

1992ರಲ್ಲಿ ಒಂಬತ್ತನೆಯ ತರಗತಿಗೆ ಕಲ್ಯಾಣ ಚಾಲುಕ್ಯರ ವಾಸ್ತುಶಿಲ್ಪ ಪಾಠ ಮಾಡುತ್ತಿದ್ದೆ. ಪಠ್ಯಪುಸ್ತಕದಲ್ಲಿದ್ದಂತೆ ಇಟಗಿ, ಲಕ್ಕುಂಡಿ, ಅಣ್ಣಿಗೇರಿ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ಕೊನೆಯ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸರ್, ನಮ್ಮ ಮನಿ ಹಿಂದ ಐತಲ್ರಿ, ಅದೂ ಇದ ಏನ್ರಿ?" ಎಂದ. ಅವನು ಉಣಕಲ್ಲಿನವ. ಆ ಭಾನುವಾರ ಅವನೇ ನನ್ನನ್ನು ಕೈಹಿಡಿದು ಕರೆದುಕೊಂಡು ಹೋದ. ಮನೆಗಳ ನಡುವೆ ಇಕ್ಕಟ್ಟಾದ ಓಣಿ, ಒಂದು ಕಡೆ ಕಟ್ಟಿದ ಎಮ್ಮೆ, ಒಂದು ಕಡೆ ಒಣಹಾಕಿದ ಸೀರೆ. ತಿರುಗಿದ ಕೂಡಲೇ ಎದುರಿಗೆ ಚಂದ್ರಮೌಳೇಶ್ವರ.

ಬಿದ್ದ ಗುಡಿಯಲ್ಲ ಅದು, ಎದ್ದು ನಿಂತ ಗುಡಿ. ಸುಮಾರು ಒಂಬತ್ತು ನೂರು ವರ್ಷ ಹಿಂದಿನದು. ಸಾಮಾನ್ಯವಾಗಿ ನಮ್ಮ ದೇವಾಲಯಗಳಿಗೆ ಒಂದು ಮುಂಬಾಗಿಲು, ಒಳಗೆ ಒಂದು ಕತ್ತಲೆಯ ಗರ್ಭಗುಡಿ. ಇಲ್ಲಿ ನಾಲ್ಕೂ ದಿಕ್ಕಿಗೆ ಬಾಗಿಲು. ನಟ್ಟನಡುವೆ ಚತುರ್ಮುಖ ಲಿಂಗ. ಯಾವ ದಿಕ್ಕಿನಿಂದ ಬಂದರೂ ಒಂದು ಮುಖ ನಿಮ್ಮನ್ನು ನೋಡುತ್ತದೆ. ಬಾಗಿಲುವಾಡದ ಪಕ್ಕದ ಕಲ್ಲನ್ನು ಜಾಲರಿಯಂತೆ ಕೊರೆದಿದ್ದಾರೆ, ಅದರೊಳಗಿನಿಂದ ಬೆಳಕು ಹಿಟ್ಟು ಸೋಸಿದಂತೆ ಒಳಗೆ ಬೀಳುತ್ತದೆ. ಹೊರಗೋಡೆಯ ಮೇಲೆ ಕುಣಿಯುವ ಗಣಪತಿ. ಹುಡುಗ ಒಂದೊಂದನ್ನೇ ತನ್ನ ಮನೆಯ ಸಾಮಾನು ತೋರಿಸುವಂತೆ ತೋರಿಸುತ್ತಿದ್ದ. ನಾನು ಕಟ್ಟೆಯ ಮೇಲೆ ಕುಳಿತೆ. ಸೊಲ್ಲಾಪುರದ ಕೆರೆಯೊಳಗಿನ ಗುಡಿಯ ಎದುರಿಗೆ ಅತ್ತಿಯ ಮುಂದೆ ನಿಲ್ಲಿಸಬೇಕಾಗಿದ್ದ ಉತ್ತರ ಇದು. ಕೆರೆಯ ಏರಿಯಿಂದ ಅಲ್ಲಿಗೆ ಅವಳ ಮೊಣಕಾಲಿನಲ್ಲೂ ಅರ್ಧ ತಾಸಿನ ಹಾದಿಯಾಗಿರಲಿಲ್ಲ.

ಅಂದಿನಿಂದ ನಿವೃತ್ತನಾಗುವವರೆಗೂ ಪ್ರತಿ ವರ್ಷ ಒಂದು ತರಗತಿಯನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಅಮರಗೋಳದ ಬನಶಂಕರಿ ಗುಡಿ, ಕುಂದಗೋಳದ ಶಂಭುಲಿಂಗ, ಅಣ್ಣಿಗೇರಿಯ ಅಮೃತೇಶ್ವರವನ್ನೂ ಪಟ್ಟಿಗೆ ಸೇರಿಸಿದೆ. ಮನೆಗೆ ಬಂದ ಬೀಗರಂತೂ ತಪ್ಪಿಸಿಕೊಳ್ಳುವಂತೆಯೇ ಇರಲಿಲ್ಲ. ನನ್ನ ಹೆಂಡತಿ, "ಬಂದವರಿಗೆ ಮೊದಲ ಒಂದ ಗ್ಲಾಸ ನೀರಾದರೂ ಕೊಡ್ರಿ, ಆಮ್ಯಾಲೆ ಚಾಲುಕ್ಯರು" ಎನ್ನುವಳು.

ಈಗ ಊರು ತೋರಿಸುವುದಕ್ಕೆ ಹೊಸ ಜಾಗಗಳು ಬಹಳ. ಇಂದಿರಾ ಗಾಜಿನ ಮನೆ, ನೃಪತುಂಗ ಬೆಟ್ಟ, ಉಣಕಲ್ ಕೆರೆಯ ದಂಡೆಯ ಉದ್ಯಾನ ಮಕ್ಕಳಿಗೆ ಇಷ್ಟ. 2020ರಲ್ಲಿ ಗದಗ ರಸ್ತೆಯಲ್ಲಿ ರೈಲ್ವೆ ಸಂಗ್ರಹಾಲಯ ತೆರೆಯಿತು. ರೈಲು ನಿಲ್ದಾಣಕ್ಕೆ ಸಿದ್ಧಾರೂಢರ ಹೆಸರು ಬಂತು. ಅಲ್ಲಿಯ 1,507 ಮೀಟರಿನ ಪ್ಲಾಟ್‌ಫಾರ್ಮು ಜಗತ್ತಿನಲ್ಲೇ ಉದ್ದನೆಯದೆಂದು 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ಪುಣೆಯ ಹುಡುಗ ಇಳಿದ ಕೂಡಲೇ ಅದರ ತುದಿಯವರೆಗೆ ನಡೆಯಬೇಕೆಂದು ಹಟ ಹಿಡಿದ, ಅರ್ಧಕ್ಕೇ ಸಾಕೆಂದ. ಅವನ ಮುತ್ತಜ್ಜಿ ಟ್ರಂಕು ಇಳಿಸುತ್ತಿದ್ದುದೂ ಈ ನಿಲ್ದಾಣದಲ್ಲೇ ಎಂದೆ. "ಆಗ ಎಷ್ಟು ಉದ್ದ ಇತ್ತು?" ಎಂದು ಕೇಳಿದ. ಅವನಿಗೆ ಉದ್ದದ್ದೇ ಚಿಂತೆ.

ಮರುದಿನ ಸಂಜೆ ತಾಯಿ ಮಗ ಇಬ್ಬರನ್ನೂ ಚಿಗರಿ ಬಸ್ಸಿನಲ್ಲಿ ಉಣಕಲ್ಲಿಗೆ ಕರೆದುಕೊಂಡು ಹೋದೆ. ಮೊದಲು ಕೆರೆಯ ಏರಿ, ಬುತ್ತಿ. ಚಟ್ನಿ ಸೊಲ್ಲಾಪುರದ್ದೇ, ಅವರು ತಂದದ್ದು. ಆಮೇಲೆ ಗುಡಿ. ಓಣಿ ಇನ್ನೂ ಹಾಗೆಯೇ ಇದೆ. ಎಮ್ಮೆ ಇಲ್ಲ, ಆ ಜಾಗದಲ್ಲಿ ಮೋಟಾರ್ ಸೈಕಲ್ಲುಗಳು. ಸಂರಕ್ಷಿತ ಸ್ಮಾರಕದ ಸುತ್ತ ನೂರು ಮೀಟರಿನೊಳಗೆ ಹೊಸದಾಗಿ ಕಟ್ಟುವಂತಿಲ್ಲವೆಂಬ ಕಾನೂನಿನಿಂದ ಅಲ್ಲಿಯ ಮನೆಯವರು ಗೋಡೆ ಬಿದ್ದರೆ ಎತ್ತಿಸಲೂ ಹೆದರುತ್ತಾರೆ. ಗುಡಿಯೂ ಉಳಿಯಬೇಕು, ತಲೆಮಾರುಗಳಿಂದ ಅದನ್ನು ಹಿತ್ತಿಲಲ್ಲಿಟ್ಟುಕೊಂಡು ಬದುಕಿದವರೂ ಉಳಿಯಬೇಕು. ನೋಡಿ ಹೋಗುವ ನಮಗೆ ಹೇಳುವುದು ಸುಲಭ.

ಹುಡುಗ ಪೂರ್ವದ ಬಾಗಿಲಿನಿಂದ ಹೊಕ್ಕು ಲಿಂಗದ ಸುತ್ತ ಬಂದು, ಇನ್ನೊಂದು ಬಾಗಿಲಿನಿಂದ ಹೊರಬಿದ್ದು, ಮತ್ತೆ ಓಡಿದ. "ಅಜ್ಜಾ, ಇದರ ಮುಂದಿನ ಬಾಗಲಾ ಯಾವುದು?" ಎಂದು ಒಳಗಿನಿಂದಲೇ ಕೂಗಿದ. ನೀನೇ ನೋಡಿ ಹೇಳು ಎಂದೆ. ಅವನ ತಾಯಿ ಜಾಲರಿಯ ಮೇಲೆ ಕೈ ಆಡಿಸುತ್ತ ನಿಂತಿದ್ದಳು. ನಿಂತ ರೀತಿ, ಸೆರಗಿಲ್ಲದಿದ್ದರೂ ದುಪಟ್ಟಾದಿಂದ ಮುಖ ಒರೆಸಿಕೊಂಡ ರೀತಿ, ಅತ್ತಿಯದೇ.

ಎದುರು ಮನೆಯ ಕಟ್ಟೆಯ ಮೇಲೆ ಅಕ್ಕಿ ಹಸನು ಮಾಡುತ್ತಿದ್ದ ಮುದುಕಿ ಮೂವತ್ತು ವರ್ಷದಿಂದ ನನ್ನನ್ನು ಬಲ್ಲವಳು. ಮೊರ ಕೆಳಗಿಟ್ಟು, "ಬರ್ರಿ ಮಾಸ್ತರ, ಈ ಸಲ ಯಾರನ್ನ ಕರಕೊಂಡ ಬಂದೀರಿ?" ಎಂದಳು.

"ಸೊಲ್ಲಾಪುರದ ನಮ್ಮ ಅತ್ತಿ ಮೊಮ್ಮಗಳು, ಮರಿಮೊಮ್ಮಗ" ಎಂದೆ.

"ಅತ್ತಿಯವರನ್ನೂ ಕರಕೊಂಡ ಬರಬೇಕಿತ್ತಲ್ರಿ" ಎಂದು ಮುದುಕಿ ಮತ್ತೆ ಮೊರ ಕೈಗೆತ್ತಿಕೊಂಡಳು.